ಚಿಟಿಕೆಯ ಲೆಕ್ಕ: ಗಾಜಿನ ತೊಟ್ಟಿಯ ಮೀನಿಗೆ ಎಷ್ಟು ಮೇವು?

ಮನೆಯ ಅಕ್ವೇರಿಯಂನಲ್ಲಿ ಮೀನು ಹಸಿವಿನಿಂದ ಸಾಯುವುದು ಬಲು ಅಪರೂಪ. ಹಾಕಿದ ಮೇವೇ ನೀರನ್ನು ಕೆಡಿಸಿ ಮೀನನ್ನು ಕೊಲ್ಲುವುದು ಮಾತ್ರ ತೀರ ಸಾಮಾನ್ಯ. ಮೇವು ಎಷ್ಟು ಹಾಕಬೇಕೆಂದು ಕೇಳಿದರೆ ಅಂಗಡಿಯವರಿಂದಲೂ ಡಬ್ಬಿಯ ಮೇಲಿನ ಬರಹದಿಂದಲೂ ಸಿಗುವ ಉತ್ತರ ಎರಡೇ: ಒಂದು ಚಿಟಿಕೆ, ಇಲ್ಲವೇ ಮೀನು ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಈ ಎರಡೂ ಅಳತೆಗಳು ದಾರಿ ತಪ್ಪಿಸುತ್ತವೆ ಎಂಬುದು ಈ ಟಿಪ್ಪಣಿಯ ವಾದ. ಚಿಟಿಕೆಯ ಅಳತೆ ಹಾಕುವವರ ಬೆರಳನ್ನು ಅವಲಂಬಿಸಿದೆ, ಎರಡು ನಿಮಿಷದ ಅಳತೆ ಮೀನಿನ ಆಸೆಯನ್ನು. ಆ ಮೀನಿಗೆ ನಿಜವಾಗಿ ಬೇಕಾದದ್ದು ಎಷ್ಟು, ಆ ತೊಟ್ಟಿಯ ನೀರು ತಾಳಿಕೊಳ್ಳುವುದು ಎಷ್ಟು ಎಂಬ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಮೇವನ್ನು ಮೀನಿನ ತೂಕಕ್ಕೂ ನೀರಿನ ಉಷ್ಣತೆಗೂ ಹೊಂದಿಸಿ ತೂಗಿಯೇ ಹಾಕಬೇಕು. ಇದು ಕಷ್ಟದ ಕೆಲಸವೇನೂ ಅಲ್ಲ.

ಲೆಕ್ಕಕ್ಕೆ ಒಂದು ತೊಟ್ಟಿ ಬೇಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅಂಚಿನವರೆಗೆ ತುಂಬಿದರೆ ಸುಮಾರು 57 ಲೀಟರ್ ಹಿಡಿಯುತ್ತದೆ. ತಳದ ಜಲ್ಲಿಯನ್ನೂ ಮೇಲೆ ಬಿಡುವ ಜಾಗವನ್ನೂ ಕಳೆದರೆ 50 ಲೀಟರ್ ಎನ್ನೋಣ. ಅದರಲ್ಲಿ ಬಾಲ ಬಿಟ್ಟು 5 ಸೆಂ.ಮೀ. ಉದ್ದದ ನಾಲ್ಕು ಗೋಲ್ಡ್‌ಫಿಶ್ ಇವೆ. ಒಂದೊಂದೂ ಹೆಚ್ಚುಕಡಿಮೆ 4 ಗ್ರಾಂ, ಒಟ್ಟು 16 ಗ್ರಾಂ. ಇಂಥ ಮೀನು ಮೈ ಉಳಿಸಿಕೊಂಡು ನಿಧಾನವಾಗಿ ಬೆಳೆಯಲು ದಿನಕ್ಕೆ ದೇಹತೂಕದ 1ರಿಂದ 2 ಪ್ರತಿಶತ ಒಣ ಮೇವು ಸಾಕು. 1.5 ಪ್ರತಿಶತ ಹಿಡಿದರೆ ನಾಲ್ಕಕ್ಕೂ ಸೇರಿ ದಿನಕ್ಕೆ 0.24 ಗ್ರಾಂ.

ಇಷ್ಟು ಕಡಿಮೆಯೇ ಎಂದು ಅನ್ನಿಸುವುದು ಸಹಜ, ಏಕೆಂದರೆ ನಾವು ಹೋಲಿಸುವುದು ನಮ್ಮ ಊಟದೊಂದಿಗೆ, ಸಾಕಿದ ಬೆಕ್ಕು ನಾಯಿಗಳ ಊಟದೊಂದಿಗೆ. ಮೀನಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಖರ್ಚಿಲ್ಲ. ನೀರೇ ಹೊತ್ತುಕೊಂಡಿರುವುದರಿಂದ ತನ್ನ ಭಾರವನ್ನು ತಾನು ಹೊರುವ ಖರ್ಚೂ ಕಡಿಮೆ. ಪ್ರೋಟೀನಿನಿಂದ ಬರುವ ಸಾರಜನಕದ ತ್ಯಾಜ್ಯವನ್ನು ನಾವು ಯೂರಿಯವಾಗಿಸಿ ಹೊರಹಾಕುತ್ತೇವೆ, ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ಮೀನು ಅದರ ಹೆಚ್ಚಿನ ಪಾಲನ್ನು ಅಮೋನಿಯದ ರೂಪದಲ್ಲಿಯೇ ಕಿವಿರಿನ ಮೂಲಕ ನೀರಿಗೆ ಬಿಡುತ್ತದೆ. ಆ ಉಳಿತಾಯ ಮೀನಿಗೆ ಅನುಕೂಲ, ತೊಟ್ಟಿಗೆ ಹೊರೆ. ಹೊಳೆಯಲ್ಲಿ ಅಮೋನಿಯ ಹರಿದುಹೋಗುತ್ತದೆ. ಗಾಜಿನೊಳಗೆ ಅಲ್ಲೇ ಉಳಿಯುತ್ತದೆ.

0.24 ಗ್ರಾಂ ಎಂದರೆ ಕಣ್ಣಿಗೆ ಎಷ್ಟು ಕಾಣುತ್ತದೆ? 2 ಮಿ.ಮೀ. ದಪ್ಪದ ಗುಂಡು ಮೇವಿನ ಕಾಳೊಂದು (ಪೆಲೆಟ್) ಸುಮಾರು 4 ಮಿಲಿಗ್ರಾಂ ತೂಗುತ್ತದೆ. ಹಾಗಾಗಿ ದಿನಕ್ಕೆ 60 ಕಾಳು, ಮೀನೊಂದಕ್ಕೆ 15. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಕಾಳಿನ ಗಾತ್ರ ಬದಲಾದರೆ ಲೆಕ್ಕವೂ ಬದಲಾಗುತ್ತದೆ: ದಪ್ಪ ಇಮ್ಮಡಿಯಾದರೆ ತೂಕ ಎಂಟುಪಟ್ಟು. ಚಮಚದ ಅಳತೆಯೂ ನಂಬಿಕೆಗೆ ಅರ್ಹವಲ್ಲ. ಹಗುರವಾದ ಫ್ಲೇಕ್ ಒಂದು ಟೀ ಚಮಚಕ್ಕೆ ಅರ್ಧ ಗ್ರಾಂ ಆಸುಪಾಸಿನಲ್ಲಿದ್ದರೆ ಅದೇ ಚಮಚದಲ್ಲಿ ಕಾಳು ಎರಡೂವರೆ ಗ್ರಾಂ ದಾಟುತ್ತದೆ. ಫ್ಲೇಕ್ ಹಾಕಿ ಅಭ್ಯಾಸವಾದ ಕೈ ಪೆಲೆಟ್ ಡಬ್ಬಿಗೆ ಹೋದ ವಾರ ತೊಟ್ಟಿ ಕೆಡುವುದು ಇದರಿಂದ. ಚಿನ್ನ ಬೆಳ್ಳಿ ತೂಗಲು ಬಳಸುವಂಥ, 0.01 ಗ್ರಾಂವರೆಗೆ ತೋರಿಸುವ ಅಂಗೈಯಗಲದ ಡಿಜಿಟಲ್ ತಕ್ಕಡಿ ಈಗ ಅಗ್ಗವಾಗಿ ಸಿಗುತ್ತದೆ. ಒಮ್ಮೆ ತೂಗಿ ಎಷ್ಟು ಕಾಳು ಎಂದು ಗೊತ್ತಾದ ಮೇಲೆ ಮತ್ತೆ ತೂಗಬೇಕಾದ್ದು ಮೀನು ಬೆಳೆದಾಗ, ಇಲ್ಲವೇ ಡಬ್ಬಿ ಬದಲಾದಾಗ. ಮೀನನ್ನು ತೂಗುವುದಕ್ಕೆ ಅಡುಗೆಮನೆಯ ತಕ್ಕಡಿಯೇ ಸಾಕು. ತೊಟ್ಟಿಯದೇ ನೀರಿರುವ ಡಬ್ಬಿಯನ್ನು ಮೇಲಿಟ್ಟು, ಸೊನ್ನೆಗೆ ತಂದು, ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಆಯಿತು.

ಈಗ ದಿನಕ್ಕೆ 0.24 ಗ್ರಾಂ ಬದಲು 1 ಗ್ರಾಂ ಹಾಕುತ್ತಿದ್ದೇವೆ ಎಂದುಕೊಳ್ಳೋಣ. ಧಾರಾಳವಾದ ಎರಡು ಚಿಟಿಕೆ ಅಷ್ಟಾಗುತ್ತದೆ. ಮೇವಿನಲ್ಲಿ ಪ್ರೋಟೀನ್ 35 ಪ್ರತಿಶತ. ನೀರನ್ನು ಮರುಬಳಸಿ ಮೀನು ಸಾಕುವ ಕೇಂದ್ರಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸರಳ ಸೂತ್ರವಿದೆ: ಮೇವಿನ ತೂಕವನ್ನು ಪ್ರೋಟೀನಿನ ಅಂಶದಿಂದಲೂ 0.092ರಿಂದಲೂ ಗುಣಿಸಿದರೆ, ತಿಂದ ಮೇವಿನಿಂದ ನೀರಿಗೆ ಬರುವ ಅಮೋನಿಯ ಸಾರಜನಕ ಸಿಗುತ್ತದೆ. 1 ಗ್ರಾಂಗೆ 32 ಮಿಲಿಗ್ರಾಂ, ಅಂದರೆ ನಮ್ಮ ತೊಟ್ಟಿಯಲ್ಲಿ ಲೀಟರಿಗೆ 0.64 ಮಿಲಿಗ್ರಾಂ. ಗಮನಿಸಬೇಕಾದ್ದು, ಇದು ಒಂದು ಕಾಳೂ ತಳಕ್ಕೆ ಬೀಳದೆ ಪೂರ್ತಿ ತಿಂದಾಗಿನ ಲೆಕ್ಕ. ತಿನ್ನದೆ ಕೊಳೆತರೆ ಪ್ರೋಟೀನಿನಲ್ಲಿರುವ ಎಲ್ಲ ಸಾರಜನಕವೂ, ಅಂದರೆ ಪ್ರೋಟೀನ್ ತೂಕದ 16 ಪ್ರತಿಶತ, ನೀರಿಗೆ ಸೇರಬಹುದು. ಆಗ 1 ಗ್ರಾಂಗೆ 56 ಮಿಲಿಗ್ರಾಂ, ಲೀಟರಿಗೆ 1.12. ಹಾಗಾಗಿ ‘ಎಲ್ಲ ತಿಂದುಬಿಟ್ಟಿದೆ, ಏನೂ ಹಾಳಾಗಿಲ್ಲ’ ಎಂಬ ಸಮಾಧಾನಕ್ಕೆ ಆಧಾರ ಅರ್ಧ ಮಾತ್ರ. ತಿಂದದ್ದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸಾರಜನಕ ಅಮೋನಿಯವಾಗಿ ವಾಪಸು ಬರುತ್ತದೆ.

ಇದೇ ಅಮೋನಿಯ ಒಂದು ಮನೆಯಲ್ಲಿ ಮೀನನ್ನು ಕೊಲ್ಲುತ್ತದೆ, ಪಕ್ಕದ ಮನೆಯಲ್ಲಿ ಕೊಲ್ಲುವುದಿಲ್ಲ. ನಮ್ಮ ನಗರಗಳಿಗೆ ಸಂಬಂಧಿಸಿ ಇದನ್ನು ವಿವರವಾಗಿ ನೋಡಬೇಕು. ನೀರಿನಲ್ಲಿ ಅಮೋನಿಯ ಎರಡು ರೂಪದಲ್ಲಿರುತ್ತದೆ. ಅಯಾನುಗೊಂಡದ್ದು ಕಿವಿರನ್ನು ಅಷ್ಟಾಗಿ ದಾಟುವುದಿಲ್ಲ. ಅಯಾನುಗೊಳ್ಳದ್ದು ಸಲೀಸಾಗಿ ದಾಟುತ್ತದೆ, ವಿಷವೆಂದರೆ ಮುಖ್ಯವಾಗಿ ಅದೇ. ಯಾವುದು ಎಷ್ಟು ಎಂಬುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ಒಟ್ಟು ಅಮೋನಿಯದ ಸುಮಾರು 0.6 ಪ್ರತಿಶತ, ಪಿಎಚ್ 8 ಆದರೆ 5 ಪ್ರತಿಶತಕ್ಕೂ ಹೆಚ್ಚು. ಕೊಳೆತ 1 ಗ್ರಾಂ ಮೇವಿನ ಲೀಟರಿಗೆ 1.12 ಮಿಲಿಗ್ರಾಂ ಅಮೋನಿಯ ಮೊದಲ ತೊಟ್ಟಿಯಲ್ಲಿ 0.006 ಮಿಲಿಗ್ರಾಂ ವಿಷವಾಗಿ ಉಳಿಯುತ್ತದೆ, ಎರಡನೆಯದರಲ್ಲಿ 0.06 ಆಗುತ್ತದೆ. ಮೀನುಕೃಷಿಯಲ್ಲಿ ದೀರ್ಘಕಾಲಕ್ಕೆ ಒಪ್ಪುವ ಎಚ್ಚರಿಕೆಯ ಗೆರೆ 0.02ರ ಆಸುಪಾಸಿನಲ್ಲಿದೆ.

ಬೆಂಗಳೂರಿನಲ್ಲಿ ಒಂದೇ ಬೀದಿಯ ಒಂದು ಮನೆಗೆ ಕಾವೇರಿ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ಬರುತ್ತದೆ. ಬೋರಿನ ನೀರು ಸಾಮಾನ್ಯವಾಗಿ ಗಡಸು. ಎತ್ತಿದ ಕೂಡಲೇ ಅಳೆದರೆ ಪಿಎಚ್ 7ರ ಹತ್ತಿರ ಇದ್ದರೂ ಒಂದು ರಾತ್ರಿ ಏರ್ ಪಂಪ್ ಓಡಿದ ಮೇಲೆ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 8ರ ಕಡೆಗೆ ಏರುವುದುಂಟು. ಅಂಥ ನೀರಿನಲ್ಲಿ ಮೇವಿನ ತಪ್ಪಿಗೆ ಕ್ಷಮೆ ಕಡಿಮೆ. ಮೃದು ನೀರಿನ ತೊಟ್ಟಿಯ ಅಪಾಯ ಬೇರೆ ಬಗೆಯದು, ಅದು ತಡವಾಗಿ ಬರುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ ಮುಂದೆ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ ಅವು 4.57 ಮಿಲಿಗ್ರಾಂ ಆಮ್ಲಜನಕವನ್ನೂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಮಿಲಿಗ್ರಾಂ ಕ್ಷಾರತೆಯನ್ನೂ ಖರ್ಚು ಮಾಡುತ್ತವೆ. ದಿನಕ್ಕೆ 1 ಗ್ರಾಂ ಮೇವು ಬಿದ್ದರೆ ವಾರಕ್ಕೆ ಲೀಟರಿಗೆ 32 ಮಿಲಿಗ್ರಾಂ ಕ್ಷಾರತೆ ಕರಗಿಹೋಗುತ್ತದೆ, 0.24 ಗ್ರಾಂ ಆದರೆ 8 ಸಹ ಇಲ್ಲ. ಕ್ಷಾರತೆ ಮುಗಿದಾಗ ಪಿಎಚ್ ಇಳಿಯುತ್ತದೆ, 6ರ ಕೆಳಗೆ ಬ್ಯಾಕ್ಟೀರಿಯಗಳ ಕೆಲಸ ಕುಂಠಿತವಾಗುತ್ತದೆ, ಅಮೋನಿಯ ವಿಷವಲ್ಲದ ರೂಪದಲ್ಲಿ ಸದ್ದಿಲ್ಲದೆ ಕೂಡಿಕೊಳ್ಳುತ್ತದೆ. ಮೀನು ಓಡಾಡಿಕೊಂಡೇ ಇರುತ್ತವೆ. ಒಂದು ಭಾನುವಾರ ಮನೆಯವರು ತೊಟ್ಟಿ ಗಲೀಜಾಗಿದೆ ಎಂದು ಅರ್ಧಕ್ಕಿಂತ ಹೆಚ್ಚು ನೀರು ತೆಗೆದು ಬೋರಿನ ನೀರು ತುಂಬುತ್ತಾರೆ, ಪಿಎಚ್ ಒಮ್ಮೆಗೇ ಏರುತ್ತದೆ, ಕೂಡಿಟ್ಟಿದ್ದ ಅಮೋನಿಯ ವಿಷವಾಗುತ್ತದೆ, ಸಂಜೆಯೊಳಗೆ ಮೀನು ಮಗುಚುತ್ತವೆ. ಹೊಸ ನೀರು ಆಗಿಬರಲಿಲ್ಲ ಎಂದು ಹೇಳುವುದು ರೂಢಿ. ತಿಂಗಳುಗಟ್ಟಲೆ ಹೆಚ್ಚಾಗಿ ಬಿದ್ದ ಮೇವಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಫಿಲ್ಟರ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ ನೈಟ್ರೇಟ್ ಉಳಿದೇ ಉಳಿಯುತ್ತದೆ. ವಾರಕ್ಕೆ ಕಾಲುಭಾಗ ನೀರು ಬದಲಿಸುವ ಮನೆಯಲ್ಲಿ, ಗಿಡಗಳ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ, 0.24 ಗ್ರಾಂ ಮೇವಿಗೆ ನೈಟ್ರೇಟ್ ಕ್ರಮೇಣ ಲೀಟರಿಗೆ 19 ಮಿಲಿಗ್ರಾಂ ಹತ್ತಿರ ನಿಲ್ಲುತ್ತದೆ, 1 ಗ್ರಾಂಗೆ 80ರ ಹತ್ತಿರ. ಗಾಜಿಗೆ ಹಸಿರು ಪಾಚಿ ಹಿಡಿಯಲು ಇದೂ ಒಂದು ಕಾರಣ, ಇನ್ನೊಂದು ರಂಜಕ. ಮೇವಿಗೆ ಸೇರಿಸುವ ಸೋಯಾ, ಗೋಧಿಗಳಲ್ಲಿ ರಂಜಕ ಬಹುಪಾಲು ಫೈಟೇಟ್ ರೂಪದಲ್ಲಿದ್ದು ಮೀನಿಗೆ ಜೀರ್ಣವಾಗದೆ ಹೊರಬೀಳುತ್ತದೆ. ಬ್ರೆಡ್ಡಿನ ಚೂರು, ಅನ್ನದ ಅಗುಳು ಹಾಕುವವರ ತೊಟ್ಟಿಯಲ್ಲಿ ನೀರು ಹಾಲಿನಂತೆ ಬೆಳ್ಳಗಾಗುವುದು ಪಿಷ್ಟ ತಿಂದು ಹೆಚ್ಚಿದ ಬ್ಯಾಕ್ಟೀರಿಯಗಳಿಂದ. ಆಮ್ಲಜನಕ ಆಗ ವೇಗವಾಗಿ ಇಳಿಯುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ 25 ಡಿಗ್ರಿಯ ನೀರು ಹಿಡಿದಿಡಬಲ್ಲ ಆಮ್ಲಜನಕವೇ ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ, ಮಂಗಳೂರಿನದಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ.

ಎರಡು ನಿಮಿಷದ ನಿಯಮಕ್ಕೆ ಬರೋಣ. ಅದು ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದ: ತಳಕ್ಕೆ ಬಿದ್ದು ಕೊಳೆಯದಿರಲಿ ಎಂದು. ಗೋಲ್ಡ್‌ಫಿಶ್, ಬಾರ್ಬ್, ಡ್ಯಾನಿಯೊಗಳು ಸೇರಿದ ಗೆಂಡೆ ಕುಟುಂಬದ ಮೀನುಗಳಿಗೆ ಮಾತ್ರ ಅದು ಸಲ್ಲುವುದಿಲ್ಲ. ಇವಕ್ಕೆ ನಿಜವಾದ ಜಠರವಿಲ್ಲ. ಗಂಟಲ ಹಲ್ಲಿನಲ್ಲಿ ಅರೆದದ್ದು ನೇರ ಕರುಳಿಗೆ ಹೋಗುತ್ತದೆ. ಹುಟ್ಟುಗುಣ ದಿನವಿಡೀ ಸ್ವಲ್ಪ ಸ್ವಲ್ಪವೇ ಮೇಯುವುದು, ಸಿಕ್ಕರೆ ತಿನ್ನುತ್ತಲೇ ಇರುವುದು. ನಮ್ಮ ತೊಟ್ಟಿಯ ನಾಲ್ಕು ಮೀನು ಎರಡು ನಿಮಿಷದಲ್ಲಿ ಅಗತ್ಯಕ್ಕಿಂತ ಹೆಚ್ಚು ಮೇವನ್ನು ನುಂಗಬಲ್ಲವು. ಹೊಟ್ಟೆಗೆ ಹೋದದ್ದು ಮೈಗೆ ಹತ್ತಿತು ಎನ್ನಲೂ ಆಗದು. ಇಂಗ್ಲೆಂಡಿನ ಜೆ. ಎಂ. ಎಲಿಯಟ್ 1976ರಲ್ಲಿ ಪ್ರಕಟಿಸಿದ ಕಂದು ಟ್ರೌಟ್ ಅಧ್ಯಯನದಲ್ಲಿ, ಮೇವು ಹೆಚ್ಚಿದಂತೆ ಅದರ ಶಕ್ತಿಯ ಹೆಚ್ಚು ಪಾಲು ಮಲವಾಗಿ ಹೊರಹೋಗುವುದು ಕಂಡಿತು. ಟ್ರೌಟ್ ಜಠರವಿರುವ ಮೀನು, ತಣ್ಣೀರಿನದು. ಆದರೂ ಒಲವು ಯಾವ ಕಡೆಗಿದೆ ಎಂಬುದು ಸ್ಪಷ್ಟ. ಮೀನು ಬಾಯಿ ಬಿಟ್ಟುಕೊಂಡು ಗಾಜಿಗೆ ಬರುವುದನ್ನು ಹಸಿವೆಂದು ತಿಳಿಯುವುದೂ ಸರಿಯಲ್ಲ. ಗೋಲ್ಡ್‌ಫಿಶ್ ಊಟದ ಹೊತ್ತನ್ನು ಕಲಿತು ಅದಕ್ಕೆ ಮುಂಚೆಯೇ ಚುರುಕಾಗುವುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಮನೆಯವರ ನೆರಳು ಕಂಡಾಗಲೆಲ್ಲ ಮೇವು ಸಿಕ್ಕಿದ್ದರೆ ನೆರಳು ಕಂಡಾಗಲೆಲ್ಲ ಓಡಿಬರುತ್ತದೆ.

ತಕ್ಕಡಿ ಇಲ್ಲದವರಿಗೆ ನಿಯಮವೊಂದು ಬೇಕೇ ಬೇಕೆಂದರೆ ಅದನ್ನು ಅರ್ಧ ನಿಮಿಷಕ್ಕೆ ಇಳಿಸುವುದು ಮೇಲು. ಅದಕ್ಕೆ ಇನ್ನೊಂದು ಆಧಾರವೂ ಇದೆ. ಪ್ಯಾನೆವಿಸ್ ಮತ್ತು ಅರ್ಲ್ 1994ರಲ್ಲಿ ನಿಯಾನ್ ಟೆಟ್ರಾಗಳನ್ನಿಟ್ಟುಕೊಂಡು ಪ್ರಕಟಿಸಿದ ಅಧ್ಯಯನದಂತೆ, ನೀರಿಗೆ ಬಿದ್ದ ಮೇವಿನಿಂದ ನೀರಲ್ಲಿ ಕರಗುವ ಹಲವು ವಿಟಮಿನ್‌ಗಳ ದೊಡ್ಡ ಪಾಲು ಅರ್ಧ ನಿಮಿಷದೊಳಗೇ ಸೋರಿಹೋಗುತ್ತದೆ. ತಡವಾಗಿ ತಿಂದ ಫ್ಲೇಕಿನಲ್ಲಿ ಹೊಟ್ಟೆ ತುಂಬುವುದಷ್ಟೇ, ಪೋಷಣೆ ಕಡಿಮೆ. ಮೇವು ತೊಟ್ಟಿಯ ತುಂಬ ಚದುರದಂತೆ ಏರ್ ಪಂಪಿನ ಪೈಪಿನ ತುಂಡನ್ನು ಬಳೆಯಾಗಿ ಬಾಗಿಸಿ ತೇಲಬಿಟ್ಟು ಅದರೊಳಗೆ ಹಾಕಬೇಕು, ಆ ಹೊತ್ತಿಗೆ ಫಿಲ್ಟರ್ ನಿಲ್ಲಿಸಬೇಕು. ಐದು ನಿಮಿಷದ ಮೇಲೆ ಮರೆಯದೆ ಮತ್ತೆ ಓಡಿಸಬೇಕು, ಸ್ಪಾಂಜಿನ ಬ್ಯಾಕ್ಟೀರಿಯಗಳಿಗೂ ಉಸಿರು ಬೇಕು.

ಉಷ್ಣತೆಯನ್ನು ಡಬ್ಬಿಯ ಸೂಚನೆಗಳು ಬಹುತೇಕ ಮರೆತಿವೆ. ಹೀಟರ್ ಇಲ್ಲದ ತೊಟ್ಟಿಯ ನೀರು ಬೆಂಗಳೂರಿನ ಡಿಸೆಂಬರ್–ಜನವರಿಯಲ್ಲಿ 20 ಡಿಗ್ರಿಗೆ ಇಳಿದು ಏಪ್ರಿಲ್‌ನಲ್ಲಿ 28 ಮುಟ್ಟಬಹುದು. ಮೀನಿನ ದೇಹಕ್ರಿಯೆ 10 ಡಿಗ್ರಿಗೆ ಸರಿಸುಮಾರು ಇಮ್ಮಡಿಯಾಗುತ್ತದೆ. ಹಾಗೆ ನೋಡಿದರೆ ಈ 8 ಡಿಗ್ರಿಯ ಅಂತರಕ್ಕೆ ಅಗತ್ಯ ಒಂದೂಮುಕ್ಕಾಲು ಪಟ್ಟು ಬದಲಾಗುತ್ತದೆ. ಬೇಸಿಗೆಯ 60 ಕಾಳು ಚಳಿಗಾಲದಲ್ಲಿ 35 ಆಗಬೇಕು. ಫಿಲ್ಟರಿನ ಬ್ಯಾಕ್ಟೀರಿಯಗಳೂ ಚಳಿಯಲ್ಲಿ ಮಂದವಾಗುತ್ತವೆ, ಹಾಗಾಗಿ ಇಳಿಸದಿದ್ದರೆ ಎರಡು ಕಡೆಯಿಂದಲೂ ನಷ್ಟ. ಬೆಟ್ಟಾ, ಗೌರಾಮಿಯಂಥ ಬಿಸಿನಾಡಿನ ಮೀನು ಅಷ್ಟು ತಣ್ಣನೆಯ ನೀರಿನಲ್ಲಿ ಮೇವನ್ನೇ ಬಿಡುತ್ತವೆ. ಅವಕ್ಕೆ ಬೇಕಾದ್ದು ಹೀಟರ್.

ಉಳಿದದ್ದನ್ನು ತಿನ್ನಲಿ ಎಂದು ಸಕರ್ ಮೀನನ್ನು ತಂದು ಬಿಡುವ ಪದ್ಧತಿ ಎಲ್ಲೆಡೆ ಇದೆ. ಅದು ಪಾಚಿ ಕೆರೆಯುತ್ತದೆ, ದಪ್ಪ ಮಲ ಹಾಕುತ್ತದೆ, ಒಂದಡಿಗೂ ಮೀರಿ ಬೆಳೆಯುತ್ತದೆ. ತೊಟ್ಟಿಯ ಸಾರಜನಕ ಅದರಿಂದ ಒಂದು ಮಿಲಿಗ್ರಾಂ ಸಹ ಕಡಿಮೆಯಾಗುವುದಿಲ್ಲ. ಆಮೇಲೆ ಅದನ್ನು ಕೆರೆಗೆ ಬಿಡುವುದು ಇನ್ನೂ ದೊಡ್ಡ ಅನ್ಯಾಯ.

ಹೆಚ್ಚು ಹಾಕುವ ಕೈಯ ಹಿಂದೆ ಪ್ರೀತಿ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಮತ್ತು ಆ ಪ್ರೀತಿಗೆ ನಮ್ಮಲ್ಲಿ ಹಳೆಯ ಬೇರುಗಳಿವೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು. ಆ ಮೀನು ತೊಡೆಗಾತ್ರದವು, ಆ ನೀರು ಹರಿಯುವಂಥದ್ದು. ಮೀನಿಗೆ ಮೇವಿನ ವಿಚಾರ ಬರೆದಿಟ್ಟವರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೂ ಇದ್ದಾನೆ. ಅವನ 12ನೇ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದ ಮತ್ಸ್ಯವಿನೋದ ಭಾಗದಲ್ಲಿ ಮೀನುಗಳ ಜಾತಿಗಳೂ ಅವಕ್ಕೆ ಹಾಕುವ ಮೇವೂ ಬರುತ್ತವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಕಳೆದ ಶತಮಾನದಲ್ಲಿ ಅದನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಅಲ್ಲಿನ ಉದ್ದೇಶ ಗಾಳದ ಬೇಟೆ, ಮೀನು ಕೊಬ್ಬಲಿ ಎಂಬುದು. ಗಾಜಿನ ತೊಟ್ಟಿಯ ಪ್ರಶ್ನೆ ಶುರುವಾಗುವುದು 1850ರ ಲಂಡನ್ನಿನಲ್ಲಿ. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಹನ್ನೆರಡು ಗ್ಯಾಲನ್ ಆಸುಪಾಸಿನ ಪಾತ್ರೆಯಲ್ಲಿ ಗೋಲ್ಡ್‌ಫಿಶ್ ಜೊತೆ ವ್ಯಾಲಿಸ್ನೇರಿಯಾ ಗಿಡ ನೆಟ್ಟಾಗ ಅವನಿಗೆ ಎದುರಾದ ಮೊದಲ ತೊಡಕು ಕೊಳೆತ. ಎಲೆಗಳು ಕೊಳೆತು ನೀರು ಕದಡಿತು. ಅದನ್ನು ತಿನ್ನಲು ಬಸವನಹುಳು ಬಿಟ್ಟ. ಹುಳುವಿನ ಮೊಟ್ಟೆ ಮರಿಗಳು ಮೀನಿಗೆ ಮೇವಾದವು. ಹೊರಗಿನಿಂದ ಏನೂ ಬೀಳದ ತೊಟ್ಟಿಗೆ ಅದು ಹೊಂದುವ ಪರಿಹಾರ. 1950ರ ದಶಕದಲ್ಲಿ ಜರ್ಮನಿಯಿಂದ ಡಬ್ಬಿಯ ಫ್ಲೇಕ್ ಮಾರುಕಟ್ಟೆಗೆ ಬಂದ ಮೇಲೆ ಆ ಸಮತೋಲದ ಮಾತು ಹಿಂದೆ ಸರಿಯಿತು, ಮೇವು ಕೈಗೆ ಸುಲಭವಾಯಿತು.

ಡಬ್ಬಿಯೊಳಗೂ ನಷ್ಟವಿದೆ. ನಮ್ಮ ನಾಲ್ಕು ಮೀನಿಗೆ 50 ಗ್ರಾಂ ಡಬ್ಬಿ ಹೆಚ್ಚುಕಡಿಮೆ ಏಳು ತಿಂಗಳು ಬರುತ್ತದೆ. ಅಗ್ಗವೆಂದು ಕಾಲು ಕಿಲೋ ತಂದರೆ ಸುಮಾರು ಮೂರು ವರ್ಷ. ತೆರೆದ ಡಬ್ಬಿಯ ಮೀನೆಣ್ಣೆ ಅಷ್ಟರಲ್ಲಿ ಮುಗ್ಗುತ್ತದೆ, ಸಿ ವಿಟಮಿನ್ ಇಳಿಯುತ್ತದೆ. ಆ ಮೇವಿನ ಮೂಲವನ್ನೂ ನೆನೆಯಬೇಕು. ಅದರ ಒಂದು ಮುಖ್ಯ ಅಂಶ ಮೀನಿನ ಪುಡಿ. 1 ಕಿಲೋ ಪುಡಿಗೆ 4ರಿಂದ 5 ಕಿಲೋ ಹಸಿ ಮೀನು ಬೇಕು. ನಮ್ಮ ಕರಾವಳಿಯ ಮೀನುಪುಡಿ ಕಾರ್ಖಾನೆಗಳಿಗೆ ಹೋಗುವ ಮೀನುಗಳಲ್ಲಿ ಬೂತಾಯಿಯೂ ಒಂದು. ಉಳ್ಳಾಲದ, ಮಂಗಳೂರಿನ ಅಡುಗೆಮನೆಗಳಲ್ಲಿ ಪುಳಿಮುಂಚಿಯಾಗುವ ಮೀನು ಅದು. ಜಲ್ಲಿಯಲ್ಲಿ ಕೊಳೆಯುವ ಕಾಳು ಯಾರದೋ ತಟ್ಟೆಯಿಂದ ಬಂದಿರಬಹುದು ಎಂಬುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಊರಿಗೆ ಹೋಗುವಾಗಿನ ಪ್ರಶ್ನೆಗೆ ಉತ್ತರ ಸುಲಭ. ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಮೇವಿಲ್ಲದೆ ಇರಬಲ್ಲದು. ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಡುವುದೇ ಅಪಾಯ. ಹೆಚ್ಚು ದಿನದ ಪಯಣವಾದರೆ ಒಂದೊಂದು ಸರತಿಯ ಕಾಳನ್ನು ಎಣಿಸಿ ಬೇರೆ ಬೇರೆ ಪೊಟ್ಟಣ ಕಟ್ಟಿ, ತಾರೀಕು ಬರೆದು, ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿ ಹೋಗಬೇಕು.

ಈ ಮಿತವ್ಯಯ ಮರಿಗಳಿಗೆ ಹೊಂದುವುದಿಲ್ಲ. ಗಪ್ಪಿಯ ಮರಿ ದಿನಕ್ಕೆ ದೇಹತೂಕದ ಹತ್ತನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಿನ್ನಬೇಕು, ನಾಲ್ಕೈದು ಸರತಿಯಲ್ಲಿ. ಒಣ ಪುಡಿ ಹಾಕಿದರೆ ಅಷ್ಟು ಚಿಕ್ಕ ಬಾಯಿಗೆ ಸಿಗದೆ ಬಹುಪಾಲು ಕೊಳೆಯುತ್ತದೆ. ಇಲ್ಲಿ ಉಳಿತಾಯ ಅಳತೆಯಿಂದ ಬರುವುದಿಲ್ಲ, ಜೀವಂತ ಮೇವಿನಿಂದ ಬರುತ್ತದೆ. ಉಪ್ಪುನೀರಿನಲ್ಲಿ ಒಂದು ದಿನದಲ್ಲಿ ಮೊಟ್ಟೆಯೊಡೆದು ಬರುವ, ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಮರಿಗಳು ಸಿಹಿನೀರಿನಲ್ಲಿ ಕೆಲವು ಗಂಟೆ ಬದುಕುತ್ತವೆ, ಆ ಮೇಲೆ ಸತ್ತು ಕೊಳೆಯುತ್ತವೆ. ನೀರುಚಿಗಟದ ಜಾತಿಯ ಮೊಯಿನಾ ಸಿಹಿನೀರಿನದೇ ಪ್ರಾಣಿ. ಬೆಳಿಗ್ಗೆ ತಿನ್ನದೆ ಉಳಿದದ್ದು ಸಂಜೆಗೂ ಈಜುತ್ತಿರುತ್ತದೆ. ತೊಟ್ಟಿಯಿಂದ ಎಳೆದು ತೆಗೆದ ಹಳೆಯ ನೀರನ್ನು ಬಿಸಿಲಲ್ಲಿ ಬಕೆಟ್ಟಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಹಸಿರಾಗುತ್ತದೆ, ಮೊಯಿನಾ ಅದರಲ್ಲಿ ಬೆಳೆಯುತ್ತದೆ. ಬಕೆಟ್ಟಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟುವುದನ್ನು ಮರೆಯಬಾರದು, ಇಲ್ಲದಿದ್ದರೆ ಮೊಯಿನಾಕ್ಕಿಂತ ಮೊದಲು ಸೊಳ್ಳೆ ಮರಿಗಳು ತುಂಬುತ್ತವೆ.